ಗಡಿಯಾರದ ಬಿಲ್ಡಿಂಗು

ಮಂಡ್ಯದ ಪೇಟೆಬೀದಿಗೆ ಬಂದು ಯಾರನ್ನಾದರೂ ಕೇಳಿ,
ಗಡಿಯಾರದ ಬಿಲ್ಡಿಂಗು ಅಂದರೆ ಮಗು ಕೂಡ ಕೈ ತೋರುತ್ತೆ.
ಗಡಿಯಾರ ಎಲ್ಲಿ ಅಂತ ಮಾತ್ರ ಕೇಳಬೇಡಿ.
ನೆತ್ತಿಯಲ್ಲಿ ಒಂದು ದುಂಡನೆ ತೂತು,
ಒಳಗೆ ಪಾರಿವಾಳ, ಆಚೆ ಆಕಾಶ.

ನಾನು ಕೂರೋದು ಹನ್ನೊಂದನೇ ಮೆಟ್ಟಿಲ ತಿರುವಿನಲ್ಲಿ.
ಕಾಜಾ ಹಾಕೋದು, ಗುಂಡಿ ಹೊಲಿಯೋದು.
ಮೂವತ್ತೆಂಟು ವರ್ಷ ಮುಖಕ್ಕಿಂತ ಪಾದವನ್ನೇ ಹೆಚ್ಚು ಕಂಡವಳು.
ಓದಿದವರು ಇತಿಹಾಸ ಅಂತಾರಲ್ಲ,
ಅದು ನನ್ನ ಪಕ್ಕದಲ್ಲೇ ಹತ್ತಿ ಇಳಿದು ಹೋಯಿತು,
ಕೆಲವು ಸಲ ನನ್ನ ದಾರದುಂಡೆ ಒದ್ದುಕೊಂಡು.

ಕಟ್ಟಿಸಿದ್ದು ಬೆಲ್ಲದ ಮಂಡಿ ಮರಿಶೆಟ್ಟರು.
ನಾಲೆ ನೀರು ಬಂತು, ಕಬ್ಬು ಬಂತು, ಕಾರ್ಖಾನೆ ಕೂಗು ಬಂತು.
ಆ ಕೂಗಿಗೆ ಊರೆಲ್ಲ ಎದ್ದು ಊರೆಲ್ಲ ಉಣ್ಣುತ್ತಿತ್ತಂತೆ.
ಶೆಟ್ಟರಿಗೆ ಅದೇ ಸಂಕಟ:
"ಸಕ್ಕರೆಯವನು ಹೇಳಿದ ಹೊತ್ತಿಗೆ ಬೆಲ್ಲದವನು ಉಣ್ಣಬೇಕೇನು?"
ತನ್ನದೇ ಒಂದು ಹೊತ್ತಿರಲಿ ಅಂತ ಗೋಡೆ ಎಬ್ಬಿಸಿದರು.

ಮಳೆಗೆ ನೆನೆದು ಮಾರದೆ ಉಳಿದ ಅಚ್ಚು ಎಂಬತ್ತು ಮಣ
ಕರಗಿಸಿ ಗಾರೆಗೆ ಹುಯ್ದು ಅರೆಸಿದರಂತೆ.
ಈಗಲೂ ಬೇಸಗೆಗೆ ಗೋಡೆಯೊಳಗಿಂದ ಇರುವೆ ಸಾಲು ಹೊರಡುತ್ತೆ
ಬಾಯಲ್ಲಿ ಬಿಳಿ ಪುಡಿ ಕಚ್ಚಿಕೊಂಡು,
ಶೆಟ್ಟರ ಹಳೇ ಸಾಲ ವಸೂಲಿಗೆ ಬಂದವರ ಹಾಗೆ.

ಗಡಿಯಾರಕ್ಕೆ ಮದರಾಸಿನ ಏಜೆಂಟಿಗೆ ಮುಂಗಡ ಹೋಯಿತು.
ಹಡಗು ಹೊರಟಿದೆ ಅಂತ ಕಾಗದ ಬಂತು.
ಆಮೇಲೆ ಯುದ್ಧ ಬಂತು.
ಹಡಗು ಬರಲಿಲ್ಲ. ಏಜೆಂಟೂ ಬರಲಿಲ್ಲ.
ಸಾಯೋ ತನಕ ಶೆಟ್ಟರು ಸಂಜೆ ಎದುರಂಗಡಿ ಕಟ್ಟೆಗೆ ಕೂತು
ಆ ತೂತು ನೋಡಿ ಜೇಬಿನ ಗಡಿಯಾರಕ್ಕೆ ಕೀ ಕೊಡ್ತಿದ್ದರಂತೆ.

ಇದೆಲ್ಲ ಅಂತೆ. ನಾ ಕಂಡದ್ದು ಹೇಳ್ತೀನಿ.

ಬೆಲ್ಲದ ಜಾಗಕ್ಕೆ ಸೀಮೆಣ್ಣೆ ಬಂತು,
ಡಬ್ಬ ಹಿಡಿದ ಸಾಲು ನನ್ನ ಮೆಟ್ಟಿಲವರೆಗೂ.
ಮೇಲೆ ಹಲ್ಲಿನ ಡಾಕ್ಟರು, ಅಲ್ಲಿಂದ ಇಳಿಯೋರು ಕೆನ್ನೆ ಹಿಡಿದು.
ಪಕ್ಕಕ್ಕೆ ವಕೀಲ ಕಾಳಿಂಗಯ್ಯ, ಅಲ್ಲಿಂದ ಇಳಿಯೋರು ಜೇಬು ಹಿಡಿದು.
ಕ್ಯಾಸೆಟ್ ಅಂಗಡಿ, ಎಸ್‌ಟಿಡಿ ಬೂತು, ಲಾಟರಿ.
ಲಾಟರಿ ಫಲಿತಾಂಶದ ಸಂಜೆ ಮೆಟ್ಟಿಲ ತುಂಬ ಹರಿದ ಚೀಟಿ,
ಗುಡಿಸಿ ಗುಡಿಸಿ ನಾನೇ ಅಷ್ಟು ಲಕ್ಷ ಸೋತ ಹಾಗೆ ಸೊಂಟ ನೋವು.

ಕಾವೇರಿ ಗಲಾಟೆಗೆ ಷಟರುಗಳು ಧಡಧಡ ಇಳಿದಾಗ
ಮೆಟ್ಟಿಲಿಗೆ ಷಟರಿಲ್ಲ ನೋಡಿ,
ಓಡಿ ಬಂದವರೆಲ್ಲ ನನ್ನ ಹತ್ತಿರ ಕೂತರು. ಒಬ್ಬ ಪೊಲೀಸೂ ಇದ್ದ.
ಅವನಂಗಿಗೆ ಎರಡು ಗುಂಡಿ ಇರಲಿಲ್ಲ. ಹಾಕಿಕೊಟ್ಟೆ.
ದುಡ್ಡು ಕೊಡದೆ ಹೋದ.

ಒಂದ್ಸಲ ಶೆಟ್ಟರ ಮರಿಮಗ ಆ ತೂತಿಗೆ
ಮೊಬೈಲ್ ಕಂಪನಿಯ ದುಂಡು ಬೋರ್ಡು ಹೊಡೆಸಿದ.
ಹದಿನೇಳನೇ ದಿನಕ್ಕೆ ಆಷಾಢದ ಗಾಳಿ ಕಿತ್ತು ಬಸ್ಸಿನ ಮೇಲೆ ಎಸೀತು.
ಪಾರಿವಾಳ ವಾಪಸು ಬಂದವು,
ಬಾಡಿಗೆ ಬಾಕಿ ಇಲ್ಲದವರ ಗತ್ತಿನಲ್ಲಿ.

ಈಗ ನಗರಸಭೆಯವರು ಕಂಬಕ್ಕೆ ಕೆಂಪು ಗುರುತು ಬಳಿದಿದ್ದಾರೆ.
ಟೇಪು ಹಿಡಿದು ಬಂದ ಇಂಜಿನಿಯರ್ ಹುಡುಗಿ ಕೇಳಿದಳು:
"ಅಜ್ಜಿ, ಕಟ್ಟಿದ ವರ್ಷ ಎಲ್ಲಾದರೂ ಕೆತ್ತಿದೆಯಾ?"
ಗಡಿಯಾರ ಬಂದ ಮೇಲೆ ಕೆತ್ತಣ ಅಂತಿದ್ದರಂತೆ ಕನವ್ವ.
"ನಿಮ್ಮ ಮಳಿಗೆ ನಂಬರು?"
ಮೆಟ್ಟಿಲಿಗೆ ನಂಬರಿಲ್ಲ.
ಬರಕೊಂಡಳು, ಏನು ಬರೆದಳೋ.

ಆಮೇಲೆ ಬೀದಿಗಿಳಿದು ತಲೆಯೆತ್ತಿ ಬಹಳ ಹೊತ್ತು ನಿಂತಳು.
ಗೋಡೆಯೆಲ್ಲ ಬಿರುಕು, ಬಾಲ್ಕನಿ ಜೋತಿದೆ,
ಆ ತೂತಿನ ಸುತ್ತು ಮಾತ್ರ ಒಂದು ಇಟ್ಟಿಗೆ ಕದಲಿಲ್ಲ.
ವಾಪಸು ಹತ್ತಿ ಬಂದು "ಯಾರು ಕಟ್ಟಿದ್ದು ಇದನ್ನ?" ಅಂದಳು.
ಸೇಲಂ ಕಡೆಯ ಮೇಸ್ತ್ರಿಯಂತೆ. ಹೆಸರು ಯಾರೂ ಇಟ್ಟುಕೊಂಡಿಲ್ಲ.

ದಸ್ತಗೀರ್ ಮಾಸ್ತರು ನನಗೆ ಕೆಲಸ ಕಲಿಸುವಾಗ ಅನ್ನೋರು:
ಬಟ್ಟೆಗೆ ಕತ್ತರಿ ಯಾವನಾದರೂ ಹಾಕ್ತಾನೆ ಬೇಟಿ,
ತೂತು ಹರಿಯದ ಹಾಗೆ ಅಂಚು ಕಟ್ಟೋದೇ ಕಸುಬು.
ಗುಂಡಿ ಬರಲಿ, ಬಿಡಲಿ.

ಕಣ್ಣು ಮೊದಲಿನ ಹಾಗಿಲ್ಲ, ಈ ಸೂಜಿಗೆ ದಾರ ಪೋಣಿಸಿಕೊಡು ಅಂದೆ.
ಟೇಪು ಕೆಳಗಿಟ್ಟು, ಒಂದು ಕಣ್ಣು ಮುಚ್ಚಿ,
ಮೇಲಿನ ಬೆಳಕಿಗೆ ಹಿಡಿದಳು.
ಮೂರನೇ ಸಲಕ್ಕೆ ಹೋಯಿತು.