ಹದಿನೆಂಟು

ನೋಟಿಸಿನಲ್ಲಿ ಹೆಸರಿಲ್ಲ, ಬರೀ ಲೆಕ್ಕ:
ಗ್ರೇಡಿಂಗ್ ವಿಭಾಗದ ನಲವತ್ತೊಂದರಲ್ಲಿ ಹದಿನೆಂಟು.
ಮೂವತ್ತನೇ ತಾರೀಕಿನ ಒಳಗೆ ತಿಳಿಸಲಾಗುವುದು.
ಕೆಳಗೆ ಸಹಿ, ಸಹಿಯ ಮೇಲೊಂದು ಎಣ್ಣೆಬೆರಳಿನ ಗುರುತು.
ಯಾರೋ ಮುಟ್ಟಿ ನೋಡಿದ್ದಾರೆ
ಶಾಯಿ ಒಣಗಿದೆಯೋ ಇಲ್ಲವೋ ಅಂತ.

ಅಂದಿನಿಂದ ನಾವೆಲ್ಲ ಬಹಳ ಒಳ್ಳೆಯವರಾಗಿದ್ದೇವೆ.
ಮೇಜಿನಿಂದ ಬೀಜ ಬಿದ್ದರೆ
ಯಾರದ್ದೆಂದು ಕೇಳದೆ ಹೆಕ್ಕಿ ಕೊಡುತ್ತೇವೆ.
ವಾರಿಜ ಪತ್ರೊಡೆ ತಂದಳು, ಎಲ್ಲರಿಗೂ ಒಂದೊಂದು ತುಂಡು,
ಸೂಪರ್‌ವೈಸರ್ ಜಯಕರರಿಗೆ ಎರಡು.
ಆ ಎರಡನ್ನು ನಲವತ್ತು ಜನ ಎಣಿಸಿದೆವು.
ನಮ್ಮ ಕೆಲಸವೇ ಅದಲ್ಲವೇ,
ಪೌಂಡಿಗೆ ಮುನ್ನೂರ ಇಪ್ಪತ್ತು ತೂಗುವ ಗೇರುಬೀಜವನ್ನು
ಇನ್ನೂರ ನಲವತ್ತರಿಂದ ಕಣ್ಣಲ್ಲೇ ಬೇರೆ ಮಾಡುವುದು.

ನೆಬೀಸಾಗೆ ಮಾತ್ರ ತನ್ನ ಹೆಸರು ಬಂದರೆ ಸಾಕು.
ಪಿಎಫ್, ಗ್ರಾಚುಯಿಟಿ ಎಲ್ಲ ಕೂಡಿಸಿದರೆ
ಮೊಣಕಾಲಿನ ಆಪರೇಶನಿಗೆ ಸರಿಯಾಗುತ್ತದಂತೆ.
ಹಾಗಂದವಳೇ ಮರುಗಳಿಗೆ,
"ಕಾಲು ಸರಿಯಾದ ಮೇಲೆ ಹೋಗುವುದೆಲ್ಲಿಗೆ?" ಎಂದು ನಕ್ಕಳು.
ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕೆವು.

ಬೆನೆಡಿಕ್ಟಾ ಅರ್ಧ ರಜೆ ಹಾಕಿ
ಹಂಪನಕಟ್ಟೆಯ ಬಟ್ಟೆ ಅಂಗಡಿಗಳಲ್ಲಿ ಕೇಳಿ ಬಂದಳು.
ಮೂವತ್ತರ ಒಳಗಿನವರು ಬೇಕಂತೆ, ಇಡೀ ದಿನ ನಿಂತೇ ಇರಬೇಕಂತೆ.
ಮೀನಿನ ಕಂಪೆನಿಯವರು ಇದ್ದವರನ್ನೇ ಕಳಿಸುತ್ತಿದ್ದಾರೆ,
ಬಂಗುಡೆ ಇಲ್ಲ ಈ ವರ್ಷ.
ಬೀಡಿಗೆ ಎಲೆ ಕೊಡುವುದು ವಾರದಲ್ಲಿ ಮೂರೇ ದಿನ.

ನಾನು ರಾತ್ರಿ ಪಟ್ಟಿ ಮಾಡುತ್ತೇನೆ.
ದೇವರ ಫೋಟೋದ ಎದುರಲ್ಲ, ಅಷ್ಟು ನಾಚಿಕೆ ಉಂಟು.
ಅಡುಗೆಮನೆಯಲ್ಲಿ, ಗ್ಯಾಸ್ ಬಿಲ್ಲಿನ ಹಿಂದುಗಡೆ.
ಗಂಡ ಮಸ್ಕತ್ತಿನಲ್ಲಿ ಇರುವವರು ನಾಲ್ಕು.
ಸೋಮವಾರ ರಜೆ ಹಾಕುವವರು ಆರು.
ಕನ್ನಡಕ ಬಂದೂ ಹಾಕದವರು.
ಹದಿನೇಳಕ್ಕೆ ನಿಲ್ಲುತ್ತದೆ ಪ್ರತಿ ಸಲ.
ಒಮ್ಮೆ ವಾರಿಜನ ಹೆಸರು ಬರೆದು, ಹೊಡೆದು ಹಾಕಿದೆ.
ಸಂಘದಲ್ಲಿ ಅವಳ ಸಾಲಕ್ಕೆ ನಾನೇ ಜಾಮೀನು.
ಹೊಡೆದು ಹಾಕಿದ್ದು ಪ್ರೀತಿಯೋ, ಜಾಮೀನೋ?
ಬೆಳಿಗ್ಗೆ ಆ ಚೀಟಿಯಿಂದಲೇ ಒಲೆ ಹೊತ್ತಿಸಿದೆ.

ನಿನ್ನೆ ಮಿಷನ್ ಬಂತು, ಫ್ರಿಜ್ಜಿನ ಹಾಗೆ ಬೆಳ್ಳಗೆ.
ಕೊಯಮತ್ತೂರಿನ ಇಂಜಿನಿಯರ್ ಹುಡುಗ ನನ್ನನ್ನು ಅಕ್ಕ ಎಂದ.
"ಇದಕ್ಕೆ ಇನ್ನೂ ಏನೂ ಗೊತ್ತಿಲ್ಲ ಅಕ್ಕ, ನೀವು ಕಲಿಸಬೇಕು.
ಬಿಳಿ ಒಂದು ಟ್ರೇ, ಹಳದಿ ಒಂದು, ಚುಕ್ಕೆ ಬಿದ್ದದ್ದು ಒಂದು."
ನನ್ನನ್ನು ತೋರಿಸಿದ್ದು ಜಯಕರರು.
ಇಪ್ಪತ್ತೆರಡು ವರ್ಷದಲ್ಲಿ ನನ್ನ ಕಣ್ಣನ್ನು
ಅವರು ಹೊಗಳಿದ್ದು ಅದೇ ಮೊದಲು.

ತಪ್ಪು ಕಲಿಸಬಹುದಿತ್ತು.
ಕೂತು ಯೋಚಿಸಿದೆ ಕೂಡ:
ಹಳದಿಯ ನಡುವೆ ನಾಲ್ಕು ಬಿಳಿ, ಬಿಳಿಯಲ್ಲಿ ಒಂದಿಷ್ಟು ಸುಟ್ಟದ್ದು.
ಬೆರಳು ಕೇಳಬೇಕಲ್ಲ!
ನಾನು ಯೋಚಿಸಿ ಮುಗಿಸುವಾಗ
ಮೂರು ಟ್ರೇ ಸರಿಯಾಗಿ ತುಂಬಿ ಆಗಿತ್ತು.

ಪರೀಕ್ಷೆಯ ಹೊತ್ತಿಗೆ ಒಂದೇ ಒಂದು ಹುಳುಕು ಬೀಜವನ್ನು
ತೂತು ಕೆಳಗೆ ಮಾಡಿ ಬಿಳಿಯ ರಾಶಿಗೆ ಸೇರಿಸಿದೆ.
ಮಿಷನ್ ನಡುಗಿತು, ಬೀಜ ಸುರಿಯಿತು,
ಟಪ್ ಅಂತ ಗಾಳಿ ಊದಿ
ಅದನ್ನೇ, ಅದೊಂದನ್ನೇ, ಆಚೆ ಹಾರಿಸಿತು.

ನನಗೆ ಖುಷಿಯಾಯಿತು.
ಹೇಳಬಾರದು, ಆದರೆ ಆಯಿತು.
ಮಗಳು ಹದಿಮೂರರ ಮಗ್ಗಿಯನ್ನು
ಮೊದಲ ಸಲ ತಡವರಿಸದೆ ಹೇಳಿದಾಗ ಆದಂಥದ್ದು.
ಆಮೇಲೆ ನಳ್ಳಿಯ ಹತ್ತಿರ ಹೋಗಿ
ಮುಖ ತೊಳೆದೆ, ಎರಡು ಸಲ.

ಸಂಜೆ ಬೈಕಂಪಾಡಿಯಲ್ಲಿ ಬಸ್ ಹತ್ತಿದ ಮೇಲೆ
ವಾರಿಜ ಕೇಳಿದಳು, "ಹೇಗುಂಟು ಮಾರಾಯ್ತಿ ಅದು?"
ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು.
"ಒಳ್ಳೆಯದುಂಟು," ಅಂದೆ. "ತುಂಬಾ ಒಳ್ಳೆಯದುಂಟು."
ಕೂಳೂರು ಸೇತುವೆಯವರೆಗೆ ಅವಳು ಮಾತಾಡಲಿಲ್ಲ.
ಸೇತುವೆ ದಾಟಿ ಕಂಡಕ್ಟರ್ ಬಂದಾಗ
ನನ್ನ ಟಿಕೆಟ್ಟನ್ನೂ ಅವಳೇ ತೆಗೆದಳು.
ನಾಳೆಯದು ನಾನು ತೆಗೆಯಬೇಕು,
ಮರೆಯಬಾರದು.