ಟಿಕ್

ಪೆನ್ಷನ್ ಮೊಹಲ್ಲಾ, ಬೆಳಿಗ್ಗೆ ಆರೂವರೆ,
ಹಾಸನದ ಮಾಗಿ ಚಳಿ.
ಫೋನಿನಲ್ಲಿ ಜುಲೇಖಾಬಿ ಹೇಳಿದ್ದಿಷ್ಟು:
"ಜವರಣ್ಣಾ, ಗೀಸರ್ ಆರ್ತಾ ಇಲ್ಲ.
ಕೆಂಪು ದೀಪ ರಾತ್ರಿಯಿಡೀ ಕಣ್ಣು ಬಿಟ್ಕೊಂಡೇ ಐತೆ.
ನಲ್ಲಿ ತಿರುಗಿಸಿದ್ರೆ ನೀರಿಲ್ಲ, ಬರೀ ಹಬೆ,
ಒಳಗೆ ಯಾರೋ ಗೊರಕೆ ಹೊಡೀತಾರೆ."
ಮೈನ್ ಇಳಿಸಿ, ಬಚ್ಚಲ ಬಾಗಿಲು ಹಾಕಿ, ಬಂದೆ ಎಂದೆ.

ಹೆಸರು ಜವರಯ್ಯ. ನಮ್ಮ ಬೀದಿಯವರ ಹಳೇ ತಮಾಷೆ:
ಜವರಾಯ ಮನೆಗೆ ಬಂದ್ರೆ ಯಾರಾದ್ರೂ ಹೋಗ್ತಾರೆ,
ಈ ಜವರಯ್ಯ ಬಂದ್ರೆ ಮುನ್ನೂರು ರೂಪಾಯಿ ಹೋಗುತ್ತೆ.
ನಾನೂ ನಗುತ್ತೇನೆ.
ನಗಿಸಿದವರು ಚೌಕಾಸಿ ಮಾಡುವುದು ಕಡಿಮೆ.

ಕುದಿಯುತ್ತಿರುವುದನ್ನು ಬಿಚ್ಚಬಾರದು,
ಸ್ವಲ್ಪ ತಣಿಯಲು ಬಿಡಬೇಕು.
ಕೆಲಸ ಕಲಿಸಿದ ಮೊದಲ ಪಾಠ,
ಮನೆಯಲ್ಲಿ ಹೆಂಡತಿಯೆದುರು ಎಷ್ಟೋ ಸಲ ಮರೆತದ್ದು.
ಸೇಫ್ಟಿ ವಾಲ್ವ್ ತೊಟ್ಟು ತೊಟ್ಟಾಗಿ ಉಗುಳುತ್ತಿತ್ತು,
ಗೋಡೆಯುದ್ದ ಬಿಳೀ ಉಪ್ಪಿನ ಗೆರೆ, ಬೋರ್‌ವೆಲ್ ನೀರಿನ ಸಹಿ.
ಹೇಮಾವತಿ ಈ ಬೀದಿಗೆ ಬರುವುದು ನೆಂಟರ ಹಾಗೆ, ಯಾವಾಗಲೋ.

ಕೆಳಗಿನ ಮುಚ್ಚಳ, ನಾಲ್ಕು ಸ್ಕ್ರೂ, ಒಂದಕ್ಕೆ ತುಕ್ಕು.
ತೊಟ್ಟಿ ಇನ್ನೂ ಕೈ ಸುಡುತ್ತಿತ್ತು.
ಥರ್ಮೋಸ್ಟಾಟಿನ ಗುಂಡಿ ಪೂರ್ತಿ ಇಳಿಸಿ ಕಿವಿಗೊಟ್ಟೆ.
ಟಿಕ್ ಎನ್ನಬೇಕು.
ಒಳಗೆ ಎರಡು ಬೆಳ್ಳಿಚುಕ್ಕಿ, ಸಾಸಿವೆ ಗಾತ್ರ,
ಕಾದದ್ದು ಸಾಕಾದಾಗ ಒಂದನ್ನೊಂದು ಬಿಡುವ ಸದ್ದು ಅದು.
ಸಾಕು ಎನ್ನಲು ಗೀಸರಿಗೆ ಗೊತ್ತಿರುವುದು ಅಷ್ಟೇ ಮಾತು.
ಮೇಲೆ, ಕೆಳಗೆ, ಮತ್ತೆ ಮೇಲೆ. ಸದ್ದಿಲ್ಲ.
ಮೀಟರಿನ ಕಡ್ಡಿ ಇಟ್ಟರೆ ಪೀಂ ಎಂದು ಒಂದೇ ಕೂಗು.
ಕಿಡಿ ಹಾರಿ ಹಾರಿ ಎರಡೂ ಬೆಸೆದುಹೋಗಿವೆ.

"ಇದು ಕೆಟ್ಟರೂ ಇನ್ನೊಬ್ಬ ಕಾವಲುಗಾರ ಇರ್ತಾನೆ ಜುಲೇಖಮ್ಮ,
ಕಟ್‌ಔಟ್ ಅಂತ. ಅವನು ಯಾಕೆ ಮಲಗಿದನೋ ನೋಡೋಣ."
ಟಾರ್ಚು ಬಿಟ್ಟೆ.
ಮಲಗಿರಲಿಲ್ಲ. ಅವನನ್ನು ಬಳಸಿಕೊಂಡು, ಪಕ್ಕದಿಂದ,
ಗೇಣುದ್ದದ ಒಂದು ಹಸಿರು ವೈರು.
ಕಳ್ಳದಾರಿ.

"ಯಾವ ಬೇವಾರ್ಸಿ ಮಾಡಿದ ಕೆಲಸ ಇದು?" ಎಂದಿತು ಬಾಯಿ.
ಅಷ್ಟರಲ್ಲಿ ಬೆರಳಿಗೆ ಗುರುತು ಹತ್ತಿತ್ತು:
ಎಡಕ್ಕೆ ಮೂರು ಸುತ್ತು, ತುದಿ ಒಳಕ್ಕೆ ಮಡಿಕೆ,
ಹಲ್ಲಿನಲ್ಲಿ ಹರಿದ ಟೇಪು.
ನಮ್ಮ ಕಡೆ ಗೀಸರ್ ಬಿಚ್ಚುವ ಎಡಚ ನಾನೊಬ್ಬನೇ.

ಐದು ವರ್ಷದ ಹಿಂದೆ, ಭಾನುವಾರ ರಾತ್ರಿ.
ಮಗಳು ಶಬೀನಾ ಆಸ್ಪತ್ರೆಯಿಂದ ಬಂದು ಎರಡು ದಿನ,
ಬಾಣಂತಿಗೆ ಬಿಸಿನೀರಿಲ್ಲ, ಕಟ್‌ಔಟ್ ಸುಟ್ಟುಹೋಗಿತ್ತು,
ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು.
ಇದೊಂದು ರಾತ್ರಿಗೆ ಎಂದು ಸುತ್ತಿದ್ದೆ.
ನಾಳೆ ಪಾರ್ಟ್ ತರ್ತೀನಿ ಎಂದಿದ್ದೆ.
ಆ ನಾಳೆಯನ್ನು ಒಳಗೇ ಬಿಟ್ಟು ಮುಚ್ಚಳ ಹಾಕಿದ್ದೆ.

"ಏನಾಗಿತ್ತು ಮಾಮಾ?"
ಹೊಸ್ತಿಲಲ್ಲಿ ಅಫ್ರೀನ್, ಯೂನಿಫಾರಂ, ಒಂದೇ ಕಾಲಿಗೆ ಸಾಕ್ಸು.
ಆ ರಾತ್ರಿ ಒಳಕೋಣೆಯಲ್ಲಿ ಅಳುತ್ತಿದ್ದ ಕೂಸು.
ಇಷ್ಟು ವರ್ಷ ಇದೇ ತೊಟ್ಟಿಯ ಕೆಳಗೆ ನಿಂತು ಮಿಂದಿದೆ.

ವೈರನ್ನು ಜೇಬಿಗೆ ಹಾಕಬಹುದಿತ್ತು. ಹಾಕಿಯೂ ಇದ್ದೆ.
ಮತ್ತೆ ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ.
"ಇದು ನಾನೇ ಹಾಕಿದ್ದು."
ಜುಲೇಖಾಬಿ ವೈರು ನೋಡಿದರು, ಮೊಮ್ಮಗಳನ್ನು ನೋಡಿದರು.
"ಐದು ವರ್ಷವಾ?" ಎಂದರು.
ಯಾವಾಗಲೂ ಬರುತ್ತಿದ್ದ ಚಹಾ ಅಂದು ಬರಲಿಲ್ಲ.

ಹೊಸ ಥರ್ಮೋಸ್ಟಾಟು, ಹೊಸ ಕಟ್‌ಔಟು, ದುಡ್ಡಿನ ಮಾತು ನಾನೂ ಎತ್ತಲಿಲ್ಲ.
ಸ್ವಿಚ್ ಹಾಕಿ ಬಕೆಟ್ ಬೋರಲು ಹಾಕಿಕೊಂಡು ಕೂತೆ.
ಹದಿನಾರು ನಿಮಿಷ.
ಸದ್ದು ಮೊದಲು ಕೇಳಿಸಿದ್ದು ಹುಡುಗಿಗೆ.

ಸ್ಕೂಟರಿನ ಡಿಕ್ಕಿಯಲ್ಲಿ ಆ ಹಸಿರು ವೈರಿನ ಸುರುಳಿ,
ಮುಗಿಯುತ್ತ ಬಂದದ್ದು. ಕಳೆದ ಮೊಳಗಳ ಲೆಕ್ಕ ಹಾಕಿದೆ.
ಸಾಲಗಾಮೆ ರಸ್ತೆಯಲ್ಲಿ ಎರಡು ಮನೆ,
ಹೊಸಲೈನಿನಲ್ಲಿ ಒಂದು, ಹುಡುಗಿಯರ ಹಾಸ್ಟೆಲು.
ಮೊದಲ ಗೇಟಿನ ಮುಂದೆ ನಿಂತು ಬೆಲ್ ಒತ್ತಿದೆ.
"ಯಾರು?"
"ಜವರಯ್ಯ."
"ನಾವು ಕರೆದೇ ಇಲ್ವಲ್ಲ!"
ಗೊತ್ತು ಎಂದೆ, ಚಪ್ಪಲಿ ಬಿಟ್ಟೆ.