ಮಾಹಿತಿದಾರೆ ಸಂಖ್ಯೆ ಹದಿನೇಳು

ಲಗ್ಗೆರೆ ಸೇತುವೆ ಇಳಿದು, ಕೋಳಿ ಅಂಗಡಿ ಪಕ್ಕದ ಸಂದಿಯಲ್ಲಿ
ಹನ್ನೆರಡು ಬಾಗಿಲಿನ ವಠಾರ. ಏಳನೆಯದು ಅವಳದು.
ಸಿಗುವುದು ಭಾನುವಾರ ಮಾತ್ರ, ಅದೂ ಬಟ್ಟೆ ಒಗೆಯುತ್ತಾ.
ಬಕೆಟ್ಟಿನ ಈಚೆ ಮಣೆಯ ಮೇಲೆ ನಾನು,
ಮಡಿಲಲ್ಲಿ ನಾಲ್ಕು ಪುಟದ ಒಪ್ಪಿಗೆ ಪತ್ರ.
‘ಯಾವ ಕಾರಣವನ್ನೂ ಕೊಡದೆ, ಯಾವಾಗ ಬೇಕಾದರೂ
ಹಿಂದೆ ಸರಿಯುವ ಹಕ್ಕು ನಿಮಗಿದೆ’ ಅಂತ ಓದಿದೆ.
ಕಾಲರು ಉಜ್ಜುವುದು ನಿಲ್ಲಿಸಿ ಕೇಳಿದಳು:
‘ಇಂಥ ಪೇಪರ್ರು ಫ್ಯಾಕ್ಟ್ರೀಲೂ ಕೊಡ್ತಾರೇನಮ್ಮ?’

ಎಂ.ಎ. ಎರಡನೇ ವರ್ಷ. ವೈದ್ಯಕೀಯ ಮಾನವಶಾಸ್ತ್ರ.
ಮೊದಲ ವರ್ಷ ಕಳೆದದ್ದು ಮನೆಯವರಿಗೆ ಅದೇನೆಂದು ಹೇಳುವುದರಲ್ಲೇ.
ಡಾಕ್ಟರಾ? ಅಲ್ಲ. ನರ್ಸಾ? ಅಲ್ಲ.
ಮತ್ತೆ ಕಾಯಿಲೆಯವರ ಹತ್ತಿರ ನಿನಗೇನು ಕೆಲಸ?
ಕೇಳಿಸಿಕೊಳ್ಳುವುದು, ಅಂದೆ.
ದೊಡ್ಡಪ್ಪ ಪೇಪರು ಮಡಿಚಿ, ಕನ್ನಡಕ ಒರೆಸಿ,
‘ಅದಕ್ಕೆ ಫೀಸು ಬೇರೆ’ ಅಂದರು.

‘ಉಷ್ಣ ಕಣಮ್ಮ’ ಅಂದಳು. ಅಷ್ಟೇ.
ಉಚ್ಚೆ ಉರಿ, ಕಣ್ಣುರಿ, ಅಂಗಾಲುರಿ,
ಬಾಯಿ ಹುಣ್ಣು, ರಾತ್ರಿ ಗಂಡ ಮುಟ್ಟಿದರೆ ಮೈ ಬಿಗಿಯುವುದು,
ಎಲ್ಲಕ್ಕೂ ಒಂದೇ ಪದದ ವಠಾರ.
ಹೊಕ್ಕುಳಿಗೆ ಹರಳೆಣ್ಣೆ, ಖಾಲಿ ಹೊಟ್ಟೆಗೆ ನೆನೆಸಿದ ಮೆಂತ್ಯ,
ಸಂಬಳದ ವಾರ ಎಳನೀರು, ಮಿಕ್ಕಂತೆ ಜೀರಿಗೆ ನೀರು.
ಡ್ಯೂಟಿ ಹೊತ್ತಲ್ಲಿ ನೀರು ಎಷ್ಟು ಕುಡೀತೀರಿ?
‘ಒಂದು ಮುಚ್ಚಳ.’
ಬಾಟಲಿಯ ಮುಚ್ಚಳ. ಎದ್ದು ಹೋಗಲು ಟೋಕನ್ನು ಬೇಕು,
ಲೈನಿಗೆ ಅರವತ್ತು ಜನ, ಟೋಕನ್ನು ಎರಡು,
ಗಂಟೆಗೆ ನೂರಿಪ್ಪತ್ತು ಕಾಲರು.

ನನ್ನ ಕೋಷ್ಟಕದಲ್ಲಿ ಲೋಟಗಳಿಗೆ ಮಾತ್ರ ಜಾಗವಿತ್ತು.

ಕರಡಿನ ಅಂಚಲ್ಲಿ ವಾರಿಜಾ ಮೇಡಂ ಪೆನ್ಸಿಲಿನಲ್ಲಿ ಕೇಳಿದ್ದರು:
ಉಷ್ಣ, ಇಂಗ್ಲಿಷಿನಲ್ಲಿ ಏನು?
ಹೀಟ್ ಅಂತ ಬರೆದೆ. ಹೊಡೆದು ಹಾಕಿದೆ.
ಅದು ಇಸ್ತ್ರಿ ಪೆಟ್ಟಿಗೆಯದು, ಏಪ್ರಿಲ್ಲಿನ ಪೀಣ್ಯದ್ದು,
ಮುಚ್ಚಳದಲ್ಲಿ ಅಳೆಯುವಂಥದ್ದಲ್ಲ.
ಕ್ಲಿನಿಕ್ಕಿನ ಚೀಟಿಯಲ್ಲಿ ಮೂರಕ್ಷರದ ಸೋಂಕು,
ಐದು ದಿನದ ಮಾತ್ರೆ, ಕೆಳಗೆ ಗೆರೆ ಎಳೆದು:
ಧಾರಾಳವಾಗಿ ನೀರು ಕುಡಿಯಿರಿ.
ನಾನು ಅದನ್ನು ಓದಿ ಹೇಳಿದಾಗ ಅವಳು ನಕ್ಕಿದ್ದು
ರೆಕಾರ್ಡರಿನಲ್ಲಿದೆ, ನಲವತ್ತೊಂದನೇ ನಿಮಿಷ.
ಕಾಗದಕ್ಕಿಳಿಸುವಾಗ ‘ನಗು’ ಅಂತ ಬರೆದೆ.
ಆಮೇಲೆ ಮೂರು ಸಲ ಹಿಂದಕ್ಕೆ ಹೋಗಿ ಕೇಳಿದೆ,
ಹಿಂದೆ ನಲ್ಲಿ ಸುರಿಯುತ್ತಲೇ ಇತ್ತು.

ಕೊನೆಗೆ ಹೆಸರಿನ ವಿಷಯ.
ನಿಮ್ಮ ಹೆಸರು ಬರೆಯುವ ಹಾಗಿಲ್ಲ, ಸಮಿತಿಯ ನಿಯಮ,
ಒಂದು ಸುಳ್ಳು ಹೆಸರು ಹೇಳಿ, ನಿಮಗಿಷ್ಟ ಬಂದದ್ದು.
ಎಂಟನೇ ಬಾಗಿಲ ಶಾಹೀನಾ, ‘ಹೀರೋಯಿನ್ ಹೆಸರು ಇಟ್ಕೊಳೇ’ ಅಂದಳು.
ಇವಳು ಲಂಗವೊಂದನ್ನು ಹಿಂಡುತ್ತಾ, ನೀರು ಬಿಟ್ಟ ಮೇಲೂ ಹಿಂಡುತ್ತಾ,
‘ರುದ್ರೇಶಿ ಅಂತ ಬರಕೋ.’
ಗಂಡಸಿನ ಹೆಸರಲ್ವಾ?
‘ನಮ್ಮ ಫ್ಲೋರ್ ಇನ್‌ಚಾರ್ಜು.
ಪುಸ್ತಕದಾಗಾದ್ರೂ ಅವನಿಗೊಂದು ದಪ ಉರೀಲಿ.’

ಮೇಡಂ ನಕ್ಕರು, ಒಪ್ಪಲಿಲ್ಲ.
ಪ್ರಬಂಧದಲ್ಲಿ ಅವಳು ಹದಿನೇಳು, ಸ್ತ್ರೀ, ವಯಸ್ಸು ಮೂವತ್ನಾಲ್ಕು.
ನನ್ನ ದಿನಚರಿಯಲ್ಲಿ ಮಾತ್ರ
ರುದ್ರೇಶಿಗೆ ಈ ವಾರ ಮತ್ತೆ ಚಳಿಜ್ವರ,
ರುದ್ರೇಶಿ ಸೊಂಟ ಹಿಡಿದುಕೊಂಡು
ಟೋಕನ್ನಿಗೆ ಕಾಯುತ್ತಿದ್ದಾನೆ,
ಯಾರೂ ಎದ್ದು ಬರುತ್ತಿಲ್ಲ.

ಬೈಂಡಾದ ಪ್ರತಿ ಒಯ್ದು ಕೊಟ್ಟೆ.
ಕೈ ಒರೆಸಿಕೊಂಡು ಈಸಿಕೊಂಡಳು, ಬೆನ್ನು ತಿರುಗಿಸಿ
ಮೊದಲು ಹೊಲಿಗೆ ನೋಡಿದಳು,
ಆಮೇಲೆ ಅಂಚಿನ ಮೇಲೆ ಹೆಬ್ಬೆರಳು ಎಳೆದಳು.
‘ಎಷ್ಟು ದಿನದ ಕೆಲಸ?’
ಎಂಟು ತಿಂಗಳು.
‘ಎಂಟು ತಿಂಗಳಿಗೆ,’ ಅಂದಳು, ಶಾಹೀನಾ ಕಡೆ ತಿರುಗಿ,
‘ಒಂದೇ ಪೀಸು.’